ಐರಿಸ್ ಇಲ್ಲದ ಕಣ್ಣು ಮತ್ತು ಹನ್ನೊಂದನೆಯ ವರ್ಣತಂತು

ಕಣ್ಣಿನ ಪಾಪೆಯ ಸುತ್ತಲಿರುವ ಬಣ್ಣದ ಪೊರೆಗೆ ಐರಿಸ್ ಎಂದು ಹೆಸರು. ಒಳಹೋಗುವ ಬೆಳಕನ್ನು ಹದಗೊಳಿಸುವುದು ಅದರ ಕೆಲಸ. ಹುಟ್ಟಿನಿಂದಲೇ ಈ ಪೊರೆ ಇಲ್ಲದಿರುವ ಅಥವಾ ಬಹುಮಟ್ಟಿಗೆ ಲೋಪವಾಗಿರುವ ರೋಗವೇ ಅನಿರಿಡಿಯ. ಇಂಥ ಮಕ್ಕಳು ಬೆಳಕನ್ನು ಸಹಿಸಲಾರರು; ದೃಷ್ಟಿಯೂ ಮಂದ. ಸುಮಾರು ಮೂವರಲ್ಲಿ ಇಬ್ಬರಿಗೆ ಇದು ತಂದೆಯಿಂದಲೋ ತಾಯಿಯಿಂದಲೋ ಬಂದಿರುತ್ತದೆ. ಉಳಿದವರ ವಂಶದಲ್ಲಿ ಅದರ ಸುಳಿವೇ ಇರುವುದಿಲ್ಲ.

ಈ ಉಳಿದವರಿಂದಲೇ ಜೀನಿನ ನೆಲೆ ಗೊತ್ತಾಯಿತೆಂಬುದು ಸ್ವಾರಸ್ಯದ ಸಂಗತಿ. ವಿಲ್ಮ್ಸ್ ಗಡ್ಡೆಯೆಂಬುದು ಎಳೆಯ ಮಕ್ಕಳ ಮೂತ್ರಪಿಂಡದಲ್ಲಿ ಹುಟ್ಟುವ ಏಡಿಗಂತಿ. 1964ರಲ್ಲಿ ಅಮೆರಿಕದ ಮಿಲ್ಲರ್ ಮತ್ತು ಸಂಗಡಿಗರು ಅಂಥ 440 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, 6 ಮಕ್ಕಳಿಗೆ ಐರಿಸ್ ಇಲ್ಲದಿರುವುದು ಕಂಡುಬಂದಿತು. ಹತ್ತಾರು ಸಾವಿರ ಜನನಗಳಿಗೆ ಒಂದರಂತೆ ತೋರುವ ರೋಗವಿದು, ಆಕಸ್ಮಿಕವೆಂದು ತಳ್ಳಿಹಾಕುವಂತಿರಲಿಲ್ಲ. ಆದರೆ ಕಣ್ಣಿಗೂ ಮೂತ್ರಪಿಂಡಕ್ಕೂ ಎತ್ತಣ ನಂಟು? 1978ರಲ್ಲಿ ರಿಕಾರ್ಡಿ ಮತ್ತು ಸಂಗಡಿಗರು, ಇಂಥ ಮಕ್ಕಳ 11ನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿ ಒಂದು ತುಂಡೇ ಕಾಣೆಯಾಗಿರುವುದನ್ನು ತೋರಿಸಿದರು. ನಂಟು ಅಂಗಗಳದಲ್ಲ, ಜೀನುಗಳ ನೆರೆಹೊರೆಯದು. ಹಾಳೆಯೊಂದು ಹರಿದುಹೋದರೆ ಅದರ ಮೇಲಿನ ಎರಡು ಖಾತೆಗಳೂ ಒಟ್ಟಿಗೆ ಹೋದಂತೆ.

ಆ ಎರಡು ಖಾತೆಗಳು ಬೇರೆಬೇರೆಯಾಗಿ ಗುರುತಿಗೆ ಬಂದುದು 1990 ಮತ್ತು 1991ರಲ್ಲಿ. ಗಡ್ಡೆಗೆ ಸಂಬಂಧಿಸಿದ ಜೀನು ಡಬ್ಲ್ಯುಟಿ-1, ಕಣ್ಣಿನದು ಪ್ಯಾಕ್ಸ್-6. ಇಲಿಗಳ ಸಣ್ಣಗಣ್ಣು ರೋಗಕ್ಕೂ ಪ್ಯಾಕ್ಸ್-6ರ ದೋಷವೇ ಕಾರಣವೆಂಬುದು 1991ರಲ್ಲೇ ತಿಳಿಯಿತು. ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಇಲಿಯ ಕಣ್ಣು ಕಿರಿದಾಗುತ್ತದೆ. ಎರಡೂ ಕೆಟ್ಟರೆ ಕಣ್ಣೂ ಇಲ್ಲ, ಮೂಗೂ ಇಲ್ಲ, ಮರಿ ಬದುಕುವುದೂ ಇಲ್ಲ. 1995ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಗೇರಿಂಗ್ ಅವರ ತಂಡ ಇಲಿಯ ಈ ಜೀನನ್ನು ಹಣ್ಣುನೊಣದ ಮರಿಗಳ ಇತರ ಅಂಗಗಳಲ್ಲಿ ಚುರುಕುಗೊಳಿಸಿದಾಗ, ಅಲ್ಲಲ್ಲಿ ಕಣ್ಣುಗಳು ಮೂಡಿದುವು. ಅವು ಇಲಿಯ ಕಣ್ಣುಗಳಲ್ಲ, ನೊಣದವೇ! ಅಂದರೆ ಪ್ಯಾಕ್ಸ್-6 ಕಣ್ಣನ್ನು ಕಟ್ಟುವ ಕೂಲಿಯಲ್ಲ, ಕಟ್ಟಿರೆಂದು ಅಪ್ಪಣೆ ಕೊಡುವ ಮೇಸ್ತ್ರಿ.

ಇಷ್ಟಾದರೂ ಕೆಲವು ರೋಗಿಗಳಲ್ಲಿ ಜೀನು ಅಖಂಡವಾಗಿತ್ತು. ವರ್ಣತಂತು ಮುರಿದುದು ಅದರಾಚೆ, ಬಹುದೂರದಲ್ಲಿ. ಜೀನನ್ನು ಎಬ್ಬಿಸುವ ಗುಂಡಿಗಳು ಅಲ್ಲಿದ್ದುವು. 2013ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಂತೂ, ಡಿ.ಎನ್.ಎ. ಲಿಪಿಯಲ್ಲಿ ಸುಮಾರು ಒಂದೂವರೆ ಲಕ್ಷ ಅಕ್ಷರಗಳಾಚೆಗಿನ ಒಂದೇ ಅಕ್ಷರ ಬದಲಾದುದು ರೋಗಕ್ಕೆ ಕಾರಣವಾಗಿತ್ತು. ಜೀನನ್ನಷ್ಟೇ ಓದಿ ನಿಲ್ಲಿಸಿದ್ದರೆ ಇದು ಸಿಕ್ಕುತ್ತಿರಲಿಲ್ಲ.

ಈ ನಕ್ಷೆಯ ಬೆಲೆ ತಿಳಿಯುವುದು ಐರಿಸ್ ಇಲ್ಲದ ಎರಡು ಹಸುಗೂಸುಗಳ ಮುಂದೆ. ಹೊರನೋಟಕ್ಕೆ ಅವೆರಡೂ ಒಂದೇ. ಒಂದರಲ್ಲಿ ಲೋಪ ಪ್ಯಾಕ್ಸ್-6ಕ್ಕೆ ಸೀಮಿತ. ಅದಕ್ಕೆ ಕಣ್ಣಿನ ಆರೈಕೆ ಬೇಕು, ಗಡ್ಡೆಯ ಭಯ ಇತರ ಮಕ್ಕಳಿಗಿಂತ ಹೆಚ್ಚಿಲ್ಲ. ಇನ್ನೊಂದರಲ್ಲಿ ಹರಿದ ತುಂಡು ಹತ್ತು ಲಕ್ಷ ಅಕ್ಷರಗಳಿಗೂ ಕಡಿಮೆ ದೂರದಲ್ಲಿರುವ ಡಬ್ಲ್ಯುಟಿ-1ನ್ನೂ ಒಯ್ದಿದೆ; ಅಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಗಡ್ಡೆ ಬರುತ್ತದೆ. ಆ ಮಗುವಿನ ಹೊಟ್ಟೆಯನ್ನು ಏಳೆಂಟು ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸುತ್ತಾರೆ. ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕಿದರೆ ವಾಸಿಯಾಗುವುದೇ ಹೆಚ್ಚು.