ಎಂಟುನೂರು ಕಿಲೋಮೀಟರ್ ಮೇಲಿಂದ ನೀರಿನ ಮಟ್ಟ

ಮಳೆಗಾಲ ಬಂದರೆ ಕಟ್ಟಾಯ, ಗೊರೂರು ಕಡೆಯ ಮಾತೆಲ್ಲ ಒಂದೇ ಅಂಕಿಯ ಸುತ್ತ: 2922 ಅಡಿ. ಹೇಮಾವತಿ ಜಲಾಶಯ ಭರ್ತಿಯಾಗುವ ಮಟ್ಟ ಅದು. ಸಮುದ್ರಮಟ್ಟದಿಂದ ಎಣಿಸಿದ ಅಡಿ. ಆ ಸಮುದ್ರವೇ ಈಗ ಏರುತ್ತಿದೆ. 1993ರಿಂದೀಚೆಗೆ ಜಗತ್ತಿನ ಸರಾಸರಿ ಸುಮಾರು 10 ಸೆಂಟಿಮೀಟರ್. ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದದ್ದು ಉಪಗ್ರಹಗಳ ಮೇಲಿನ ರೇಡಾರ್ ಆಲ್ಟಿಮೀಟರ್‌ಗಳಿಂದ.

ಈ ಕೆಲಸದಲ್ಲಿ ನಮ್ಮ ಪಾಲೂ ದೊಡ್ಡದು. 2013ರ ಫೆಬ್ರುವರಿ 25ರಂದು ಪಿಎಸ್‌ಎಲ್‌ವಿ-ಸಿ20 ಹೊತ್ತೊಯ್ದ ‘ಸರಳ್’ ಇಸ್ರೊ ಮತ್ತು ಫ್ರಾನ್ಸಿನ ಸಿಎನ್‌ಇಎಸ್ ಕೂಡಿ ಮಾಡಿದ ಉಪಗ್ರಹ. ಚಂದ್ರಯಾನದ ಹೆಸರು ಶಾಲೆ ಮಕ್ಕಳಿಗೂ ಗೊತ್ತು. ಸರಳ್‌ಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ ಎಂಬ ಕೊರಗು ನನಗಿದೆ. ಹಾಸನದಲ್ಲಿರುವ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ನೋಡಿಕೊಳ್ಳುವುದು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳನ್ನು. ಸರಳ್ ಸುತ್ತಿದ್ದು ಸುಮಾರು 800 ಕಿ.ಮೀ. ಎತ್ತರದಲ್ಲಿ, ಅದರ ನಿಗಾ ಬೆಂಗಳೂರಿನಲ್ಲಿರುವ ಇಸ್ರೊದ ಇನ್ನೊಂದು ಕೇಂದ್ರ ಇಸ್ಟ್ರಾಕ್‌ನದು.

ಬಾವಿಗೆ ಕಲ್ಲು ಹಾಕಿ ಸದ್ದು ಬರುವ ಹೊತ್ತಿನಿಂದ ಆಳ ಅಂದಾಜು ಮಾಡುತ್ತೇವಲ್ಲ, ಆಲ್ಟಿಮೀಟರ್‌ನ ತತ್ವವೂ ಅದೇ. ಉಪಗ್ರಹದಿಂದ ನೇರ ಕೆಳಗೆ ಹೋದ ರೇಡಿಯೊ ಸ್ಪಂದ ನೀರಿಗೆ ತಾಗಿ ಸುಮಾರು 5.3 ಮಿಲಿಸೆಕೆಂಡಿನಲ್ಲಿ ಮರಳುತ್ತದೆ. ಒಂದು ಸೆಂಟಿಮೀಟರ್ ವ್ಯತ್ಯಾಸ ತಿಳಿಯಬೇಕಾದರೆ ಆ ಹೊತ್ತನ್ನು ಸೆಕೆಂಡಿನ 1,500 ಕೋಟಿಯಲ್ಲೊಂದು ಭಾಗದಷ್ಟು ಸೂಕ್ಷ್ಮವಾಗಿ ಹಿಡಿಯಬೇಕು. ಉಪಗ್ರಹ ಆ ಕ್ಷಣ ಎಲ್ಲಿತ್ತು ಎಂಬುದೂ ಅಷ್ಟೇ ಕರಾರುವಾಕ್ಕಾಗಿ ಗೊತ್ತಿರಬೇಕು. ಗಾಳಿಯ ತೇವಾಂಶ ಸಂಕೇತವನ್ನು ತಡಮಾಡುತ್ತದೆ. ಅದನ್ನೂ ಅಳೆದು ಕಳೆಯಬೇಕು. ಕಡಲು ಶಾಂತವಾಗಿದ್ದರೆ ಪ್ರತಿಧ್ವನಿ ಥಟ್ಟನೆ ಏರುತ್ತದೆ, ಅಲೆಗಳೆದ್ದಿದ್ದರೆ ನಿಧಾನವಾಗಿ. ಹಾಗಾಗಿ ಅಲೆಯ ಎತ್ತರವೂ ಇದರಲ್ಲೇ ಸಿಗುತ್ತದೆ.

ಒಳನಾಡಿನ ಜಲಾಶಯಗಳಲ್ಲಿ ತೊಡಕು ಹೆಚ್ಚು. ದಡ, ಗುಡ್ಡಗಳ ಪ್ರತಿಧ್ವನಿಯೂ ಬೆರೆಯುತ್ತದೆ. ಮೇಲಾಗಿ ಉಪಗ್ರಹದ ದಾರಿ ನೀರಿನ ಮೇಲೇ ಹಾದಿರಬೇಕು. ಸರಳ್ ಅದೇ ದಾರಿಗೆ ಮರಳುತ್ತಿದ್ದುದು 35 ದಿನಕ್ಕೊಮ್ಮೆ. ಗೇಟು ತೆಗೆಯುವ ತೀರ್ಮಾನಕ್ಕೆ ಇದು ಸಾಲದು. ಅಣೆಕಟ್ಟೆಯ ಅಳತೆಪಟ್ಟಿಯೇ ಬೇಕು.

ಸರಳ್‌ನ ಹೆಚ್ಚುಗಾರಿಕೆ ಹಿಮದ ಮೇಲೆ. ಅದರ ‘ಆಲ್ಟಿಕಾ’ ಉಪಕರಣ ಕೆಎ ಬ್ಯಾಂಡಿನದು, ತರಂಗದ ಉದ್ದ ಸುಮಾರು 8 ಮಿಲಿಮೀಟರ್. ಬಾಹ್ಯಾಕಾಶದಿಂದ ಸಾಗರ ಅಳೆಯಲು ಈ ಬ್ಯಾಂಡ್ ಬಳಸಿದ್ದು ಅದೇ ಮೊದಲು. ಹಿಂದಿನ ಕೆಯು ಬ್ಯಾಂಡಿನ ತರಂಗಗಳು ಅಂಟಾರ್ಕ್ಟಿಕಾದ ಒಣ ಹಿಮದೊಳಗೆ ಮೀಟರುಗಟ್ಟಲೆ ಇಳಿದು ಮರಳುತ್ತಿದ್ದವು. ನಿಜವಾದ ಮೇಲ್ಮೈ ಯಾವುದೆಂಬುದೇ ಗೊಂದಲ. ಕೆಎ ತರಂಗ ಮೇಲ್ಪದರದಲ್ಲೇ ನಿಲ್ಲುತ್ತದೆ. ಜೋರು ಮಳೆಯಲ್ಲಿ ಸಂಕೇತ ಕುಂದುತ್ತದೆ, ನಿಜ. ಆದರೂ ಯುರೋಪಿನವರು ಸಿದ್ಧಪಡಿಸುತ್ತಿರುವ ‘ಕ್ರಿಸ್ಟಲ್’ ಉಪಗ್ರಹದಲ್ಲಿ ಎರಡೂ ಬ್ಯಾಂಡುಗಳಿರಲಿವೆ: ಎರಡರ ಅಳತೆಯ ಅಂತರದಿಂದ ಕಡಲ ಮಂಜುಗಡ್ಡೆಯ ಮೇಲೆ ಕೂತ ಹಿಮದ ದಪ್ಪ ತಿಳಿಯುತ್ತದೆ.