ಮೊದಲ ನೂರು ಟರ್ನ್‌ನ ಮಾಯಾಲೋಕ

ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ. ‘ಸಿವಿಲೈಸೇಶನ್ 6’ ಆಟದಲ್ಲಿ ಎಂಟು ಮಟ್ಟಗಳಿವೆ. ತೀರಾ ಕೆಳಗಿನದು ಸೆಟ್ಲರ್, ತುತ್ತತುದಿಯದು ಡೀಟಿ, ಅಂದರೆ ಸಾಕ್ಷಾತ್ ದೇವರು! ಮಟ್ಟ ಏರಿದ ಹಾಗೆಲ್ಲ ಎದುರಾಳಿ ಕಂಪ್ಯೂಟರ್ ಹೆಚ್ಚು ಹೆಚ್ಚು ಜಾಣನಾಗುತ್ತಾನೆ ಎಂದೇ ಹೊಸಬರು ನಂಬಿರುತ್ತಾರೆ. ಇಲ್ಲವೇ ಇಲ್ಲ. ಬುದ್ಧಿ ಹೆಚ್ಚುಕಮ್ಮಿ ಅದೇ. ದಪ್ಪವಾಗುತ್ತ ಹೋಗುವುದು ಅವನು ಮನೆಯಿಂದ ಕಟ್ಟಿಸಿಕೊಂಡು ಬರುವ ಬುತ್ತಿ!

ಆ ಬುತ್ತಿ ಬಿಚ್ಚಿ ನೋಡಿ. ಡೀಟಿಯಲ್ಲಿ ನಿಮ್ಮ ಕೈಗೆ ಸಿಗುವುದು ಊರು ಕಟ್ಟುವ ಒಬ್ಬ ಸೆಟ್ಲರ್, ಒಬ್ಬ ಯೋಧ. ಕಂಪ್ಯೂಟರ್‌ಗೆ ಮೂವರು ಸೆಟ್ಲರ್, ಐವರು ಯೋಧರು. ಅದರ ಮೇಲೆ ವಿಜ್ಞಾನ, ಸಂಸ್ಕೃತಿ, ಭಕ್ತಿಯಲ್ಲಿ ಶೇ 32ರಷ್ಟು ಕೊಸರು. ಉತ್ಪಾದನೆ ಮತ್ತು ಚಿನ್ನದಲ್ಲಿ ಶೇ 80. ಅನ್ಯಾಯ ಅನ್ನಿಸುತ್ತದೆ ಅಲ್ಲವೇ? ಆದರೆ ಇದರೊಳಗೇ ಸಿಹಿಸುದ್ದಿಯೂ ಇದೆ. ಕೆಳಗಿನಿಂದ ನಾಲ್ಕನೆಯದಾದ ಪ್ರಿನ್ಸ್ ಮಟ್ಟದಲ್ಲಿ ಈ ಕೊಸರು ಯಾವುದೂ ಇಲ್ಲ. ಅಲ್ಲಿ ನೀವೂ ಅವನೂ ಸಮಸಮ. ಬುದ್ಧಿ ಬೆಳೆಯದ ಎದುರಾಳಿಯ ಜೊತೆ ಸಮಸಮನಾಗಿ ಹೊರಟವರು ಅವನನ್ನು ಹಿಂದಿಕ್ಕದೆ ಇರಲು ಸಾಧ್ಯವೇ?

ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ 1991ರಲ್ಲಿ ಶುರುಮಾಡಿದ ಸರಣಿ ಇದು. ಆರನೆಯದನ್ನು ಎಡ್ ಬೀಚ್ ನೇತೃತ್ವದಲ್ಲಿ ಫಿರಾಕ್ಸಿಸ್ 2016ರ ಅಕ್ಟೋಬರ್‌ನಲ್ಲಿ ತಂದಿತು. 2025ರಲ್ಲಿ ಏಳನೆಯದೂ ಬಂದಿದೆ. ಬರಲಿ! ಹೊಸಬರು ಪಳಗಬೇಕಾದದ್ದು ಆರರಲ್ಲೇ ಎನ್ನುವುದು ನನ್ನ ಹಟ. ಫೋನಿನಲ್ಲೂ ಆಡಬಹುದು, ಬ್ಯಾಟರಿಯ ಗತಿ ಮಾತ್ರ ದೇವರಿಗೇ ಪ್ರೀತಿ.

ಆಟ ಕ್ರಿಸ್ತಪೂರ್ವ 4000ದಲ್ಲಿ ಶುರುವಾಗುತ್ತದೆ. ಮಾಮೂಲಿ ವೇಗದಲ್ಲಿ ಒಟ್ಟು 500 ಟರ್ನ್. ಮೊದಮೊದಲು ಒಂದೊಂದು ಟರ್ನ್‌ಗೆ ನಲವತ್ತು ವರ್ಷ ಉರುಳುತ್ತದೆ. ಎರಡು ಟರ್ನ್ ಸುಮ್ಮನೆ ಕಳೆದರೆ ಒಂದು ಜೀವಮಾನವೇ ಹೋಯಿತು! ಈ ಲೆಕ್ಕ ತಲೆಗೆ ಹತ್ತಿದ ಮೇಲೆ ‘ನೆಕ್ಸ್ಟ್ ಟರ್ನ್’ ಗುಂಡಿಯ ಮೇಲೆ ಬೆರಳಿಡಲೂ ಅಳುಕಾಗುತ್ತದೆ.

ಹಾಗಾದರೆ ಮೊದಲ ಟರ್ನ್‌ನಲ್ಲಿ ಏನು ಮಾಡಬೇಕು? ಸೆಟ್ಲರ್‌ನನ್ನು ಆರಿಸಿದ ಕೂಡಲೇ ನಕ್ಷೆಗೆ ಬಣ್ಣ ಬರುತ್ತದೆ. ಕಡುಹಸಿರು ಇದ್ದಲ್ಲಿ ಸಿಹಿನೀರು, ತಿಳಿಹಸಿರು ಇದ್ದಲ್ಲಿ ಕಡಲತೀರ, ಬೂದು ಬಣ್ಣವಿದ್ದಲ್ಲಿ ನೀರಿಲ್ಲ. ಸಿಹಿನೀರಿನ ಪಕ್ಕದ ಊರಿಗೆ ವಸತಿ ಐದು, ಕಡಲತೀರಕ್ಕೆ ಮೂರು, ಒಣನೆಲಕ್ಕೆ ಬರೀ ಎರಡು. ವಸತಿ ಮುಗಿಯುತ್ತ ಬಂದಂತೆ ಜನ ಹೆಚ್ಚುವುದು ಕುಂಟುತ್ತದೆ. ಹೊಳೆದಂಡೆಯಲ್ಲಿ ಬಯಲುಸೀಮೆಯ ಗುಡ್ಡವೊಂದು ಸಿಕ್ಕರಂತೂ ಕಣ್ಣಿಗೊತ್ತಿಕೊಳ್ಳಿ. ಬೇರೆ ಕಡೆ ಊರಿನ ನಡುಮನೆ ಕೊಡುವುದು ಒಂದು ಉತ್ಪಾದನೆ, ಈ ಗುಡ್ಡದ ಮೇಲೆ ಎರಡು. ಒಂದು ಹೆಚ್ಚಾದರೆ ಏನು ಮಹಾ ಎನ್ನಬೇಡಿ. ಕಟ್ಟುವ ಕೈ ಬೆರಳೆಣಿಕೆಯಷ್ಟಿರುವ ಆ ಹೊತ್ತಿನಲ್ಲಿ ಒಂದು ಎಂದರೆ ಬಹಳ.

ಇನ್ನು ಕಟ್ಟುವ ಪಟ್ಟಿ. ಹೊಸಬರ ಕಣ್ಣು ನೇರ ಹೋಗಿ ಬೀಳುವುದು ಸ್ಟೋನ್‌ಹೆಂಜ್ ಮೇಲೆ, ಪಿರಮಿಡ್ ಮೇಲೆ. ಎಷ್ಟು ಚೆಂದದ ಚಿತ್ರಗಳು! ಆದರೆ ಬೆಲೆ ನೋಡಿ. ಸ್ಟೋನ್‌ಹೆಂಜ್‌ಗೆ 180 ಉತ್ಪಾದನೆ ಸುರಿಯಬೇಕು; ಮೊದಲ ಸೆಟ್ಲರ್‌ಗೆ ಬರೀ 80. ಕಲ್ಲಿನ ಕಂಬ ನಿಲ್ಲಿಸುವ ಕಾಲಕ್ಕೆ ಇನ್ನೊಂದು ಊರು ಎದ್ದು, ಅಲ್ಲಿ ಮಕ್ಕಳುಮರಿಯೂ ಆಗಿರುತ್ತದೆ. ಆದ್ದರಿಂದ ಮೊದಲು ದಾರಿ ಹುಡುಕುವ ಒಬ್ಬ ಸ್ಕೌಟ್, ಆಮೇಲೆ ಕವಣೆ ಬೀಸುವ ಸ್ಲಿಂಗರ್, ಆಮೇಲೆ ಸೆಟ್ಲರ್, ಮತ್ತೆ ಸೆಟ್ಲರ್. ಪ್ರತಿ ಸೆಟ್ಲರ್ ಹೊರಟಾಗಲೂ ಊರಿನ ಒಂದು ಜನ ಕಮ್ಮಿಯಾಗುತ್ತದೆ, ಮುಂದಿನವನ ಬೆಲೆಯೂ ಏರುತ್ತದೆ. ಅದಕ್ಕೇ ಬೇಗ ಹೊರಡಿಸಬೇಕು. ಒಟ್ಟು ಜನಸಂಖ್ಯೆ ಆರು ಮುಟ್ಟಿದರೆ ‘ಅರ್ಲಿ ಎಂಪೈರ್’ ವಿದ್ಯೆ ಬೇಗ ಕೈಗೆ ಬರುತ್ತದೆ. ಅದರ ಜೊತೆ ಬರುವ ‘ಕಾಲನೈಸೇಶನ್’ ಕಾರ್ಡನ್ನು ಸಿಕ್ಕಿಸಿದಿರೋ, ಸೆಟ್ಲರ್ ತಯಾರಿಗೆ ಶೇ 50ರಷ್ಟು ಹೆಚ್ಚು ವೇಗ!

ಐದನೆಯ ಆಟ ಆಡಿ ಬಂದವರಿಗೆ ಇದು ಎದೆ ಝಲ್ಲೆನಿಸುವ ಸಲಹೆ. ಅಲ್ಲಿ ಹೊಸ ಊರು ಕಟ್ಟಿದಷ್ಟೂ ವಿಜ್ಞಾನ ದುಬಾರಿ, ಹಾಗಾಗಿ ನಾಲ್ಕು ಊರಿಗೇ ತೃಪ್ತಿಪಡುವ ಅಭ್ಯಾಸ. ಆರರಲ್ಲಿ ಆ ದಂಡವೇ ಇಲ್ಲ! ನೂರನೇ ಟರ್ನ್ ಹೊತ್ತಿಗೆ ಹತ್ತು ಊರು ಎನ್ನುವುದು ಪಳಗಿದ ಆಟಗಾರರ ಬಾಯಲ್ಲಿ ಗಾದೆಯೇ ಆಗಿದೆ. ಹೊಸಬರಿಗೆ ಆರೇಳಾದರೂ ಸಾಕು.

ಈಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿಗೆ ಬರುತ್ತೇನೆ. ಅದರ ಹೆಸರು ಯುರೇಕಾ.

ಹೆಚ್ಚುಕಮ್ಮಿ ಪ್ರತಿಯೊಂದು ವಿದ್ಯೆಗೂ ಒಂದು ಸಣ್ಣ ಕೆಲಸ ಗಂಟು ಬಿದ್ದಿದೆ. ಕಲ್ಲುಗಣಿ ತೆರೆದರೆ ಕಲ್ಲುಕೆಲಸದ ವಿದ್ಯೆ, ಕಡಲತೀರದಲ್ಲಿ ಊರು ಕಟ್ಟಿದರೆ ಹಡಗಿನ ವಿದ್ಯೆ, ಇನ್ನೊಂದು ನಾಗರಿಕತೆಯವರ ಮುಖ ಕಂಡರೆ ಸಾಕು ಬರವಣಿಗೆ! ಆ ಕೆಲಸ ಮಾಡಿದ ತಕ್ಷಣ ವಿದ್ಯೆಯ ಶೇ 40 ಭಾಗ ಪುಕ್ಕಟೆ. (ಮೂಲ ಆಟದಲ್ಲಿ ಅರ್ಧಕ್ಕರ್ಧ ಇತ್ತು, 2018ರ ‘ರೈಸ್ ಅಂಡ್ ಫಾಲ್’ ವಿಸ್ತರಣೆ ಬಂದ ಮೇಲೆ ಕೈ ಬಿಗಿಮಾಡಿದರು.)

ಕಾಡಂಚಿನಲ್ಲಿ ಒಬ್ಬ ಬಾರ್ಬೇರಿಯನ್, ಅಂದರೆ ಯಾವ ನಾಗರಿಕತೆಗೂ ಸೇರದ ದಾಳಿಕೋರ, ನಿಂತಿದ್ದಾನೆ ಅಂದುಕೊಳ್ಳಿ. ನಿಮ್ಮ ಯೋಧ ಎರಡು ಏಟು ಹಾಕಿ ಅವನ ಜೀವದ ಪಟ್ಟಿಯನ್ನು ಕೆಂಪಿಗೆ ಇಳಿಸಿದ್ದಾನೆ. ಇನ್ನೊಂದು ಏಟು ಬಿದ್ದರೆ ಆಸಾಮಿ ಮಟಾಷ್. ನಿಲ್ಲಿ! ಯೋಧನನ್ನು ಅಲ್ಲೇ ಕಾವಲಿಗೆ ಕೂರಿಸಿ. ಹಿಂದಿನ ಗುಡ್ಡದಲ್ಲಿರುವ ಸ್ಲಿಂಗರ್‌ನನ್ನು ಇಳಿಸಿ ಪಕ್ಕದ ಚೌಕಕ್ಕೆ ತನ್ನಿ. ಚೌಕವಲ್ಲ, ಷಟ್ಕೋನ, ಬಾಯಿಗೆ ಬಂದದ್ದು ಹಾಗೆ. ಅವನ ಕವಣೆ ತಲುಪುವುದು ಒಂದೇ ಮನೆಯಷ್ಟು ದೂರ. ಕಲ್ಲು ಹಾರಿತು, ಶತ್ರು ಉರುಳಿದ, ಪರದೆಯ ಮೇಲೆ ಯುರೇಕಾ! ಬಿಲ್ವಿದ್ಯೆಯ ಬೆಲೆ 50 ವಿಜ್ಞಾನ. ಅದರಲ್ಲಿ 20 ಆ ಒಂದು ಕಲ್ಲಿಗೆ ಸಂದಾಯವಾಯಿತು. ಅರಮನೆಯಿಂದ ಎರಡು, ಒಬ್ಬ ಪ್ರಜೆಯಿಂದ ಅರ್ಧ, ಹೀಗೆ ಟರ್ನ್‌ಗೆ ಎರಡೂವರೆ ವಿಜ್ಞಾನ ಹುಟ್ಟುವ ಆ ಕಾಲದಲ್ಲಿ 20 ಎಂದರೆ ಎಂಟು ಟರ್ನ್. ನಲವತ್ತರಂತೆ ಗುಣಿಸಿ. ಮುನ್ನೂರ ಇಪ್ಪತ್ತು ವರ್ಷ! ಒಂದು ಕವಣೆಕಲ್ಲು ಮೂರು ಶತಮಾನವನ್ನು ಉಳಿಸಿತು. ಕೊನೆಯ ಏಟು ಯೋಧನದಾಗಿದ್ದರೆ ಏನೂ ಇಲ್ಲ.

ಇಲ್ಲಿಂದ ಇನ್ನೊಂದು ಜಾಣತನ ತಾನಾಗಿ ಹೊಳೆಯುತ್ತದೆ. ಯುರೇಕಾ ಇನ್ನೂ ಬೀಳಬೇಕಿರುವ ಯಾವ ವಿದ್ಯೆಯನ್ನೂ ಪೂರ್ತಿ ಕಲಿಯಬೇಡಿ! ಅರ್ಧ ದಾಟಿ ಶೇ 60ರ ಹತ್ತಿರ ಬಂದಾಗ ಬಿಟ್ಟು ಬೇರೆಯದಕ್ಕೆ ಜಿಗಿಯಿರಿ. ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ. ಯುರೇಕಾ ಬಿದ್ದ ದಿನ ಉಳಿದದ್ದು ಒಂದೇ ಏಟಿಗೆ ಮುಗಿಯುತ್ತದೆ. ಯಾವ ಏಟು ಯಾರ ಕೈಯಿಂದ ಬೀಳಬೇಕು ಎಂದು ಕಾದು ಕೂರುವ ಈ ತಾಳ್ಮೆ ಕಂಪ್ಯೂಟರ್‌ಗೆ ಎಲ್ಲಿಂದ ಬರಬೇಕು?

ಬಾರ್ಬೇರಿಯನ್ನರ ಮಾತು ಬಂತಲ್ಲ, ಅವರ ಸ್ಕೌಟ್ ಬಗ್ಗೆಯೂ ಹೇಳಬೇಕು. ನಿಮ್ಮ ಊರನ್ನು ಕಂಡೊಡನೆ ಅವನ ತಲೆಯ ಮೇಲೆ ಕೆಂಪು ಆಶ್ಚರ್ಯಸೂಚಕ ಚಿಹ್ನೆ ಮೂಡುತ್ತದೆ. ಅವನು ಬಿಡಾರಕ್ಕೆ ವಾಪಸ್ ಓಡಿ ಸುದ್ದಿ ಮುಟ್ಟಿಸಿದನೋ, ಮುಗಿಯಿತು, ಹಿಂಡುಹಿಂಡಾಗಿ ನುಗ್ಗುತ್ತಾರೆ. ದಾರಿಯಲ್ಲೇ ಅಡ್ಡಗಟ್ಟಿದರೆ ದಾಳಿಯೇ ಇಲ್ಲ! ಅದಕ್ಕೇ ಯೋಧನನ್ನು ಊರಿನಿಂದ ತೀರಾ ದೂರ ಅಲೆಯಲು ಬಿಡಬಾರದು.

ಊರು ನಾಲ್ಕಾದ ಮೇಲೆ ಬಡಾವಣೆಗಳ ಕಾಲ. ವಿಜ್ಞಾನದ ಬಡಾವಣೆಯ ಹೆಸರು ಕ್ಯಾಂಪಸ್. ಪಕ್ಕದಲ್ಲಿರುವ ಒಂದೊಂದು ಪರ್ವತಕ್ಕೂ ಅದಕ್ಕೆ ಒಂದೊಂದು ವಿಜ್ಞಾನ ಹೆಚ್ಚು. ಮೂರು ಬೆಟ್ಟಗಳ ತೆಕ್ಕೆಯಲ್ಲಿ ಒಂದು ಮನೆ ಖಾಲಿ ಕಂಡರೆ ಬೇರೆ ಯೋಚನೆಯೇ ಬೇಡ. ಆಮೇಲೆ ಒಂದು ಚಮತ್ಕಾರ: ನಿಮ್ಮ ವಿದ್ಯೆ ಬೆಳೆದಂತೆ ಬಡಾವಣೆಯ ಬೆಲೆಯೂ ಏರುತ್ತ ಹೋಗುತ್ತದೆ, ಆದರೆ ಜಾಗ ಗುರುತುಮಾಡಿದ ಗಳಿಗೆಯಲ್ಲೇ ಬೆಲೆ ಅಲ್ಲಿಗೆ ಗಟ್ಟಿ. ಈಗಲೇ ಕಟ್ಟಬೇಕಿಲ್ಲ! ಗುರುತುಮಾಡಿ, ಸೆಟ್ಲರ್ ಕೆಲಸಕ್ಕೆ ಮರಳಿ. ಐವತ್ತು ಟರ್ನ್ ಆದ ಮೇಲೂ ಹಳೇ ಬೆಲೆಗೇ ಕಟ್ಟಬಹುದು. ಮೊದಲ ಬಡಾವಣೆಗೆ ಒಂದು ಜನ ಸಾಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಏಳು.

ಜನ ಹೆಚ್ಚಬೇಕಾದರೆ ಮತ್ತೆ ವಸತಿಯೇ ಆಗಬೇಕು. ಇಲ್ಲಿ ಭಾರತವನ್ನು ಆರಿಸಿದವರಿಗೆ ಒಂದು ಸೊಗಸಿದೆ. ಆ ನಾಗರಿಕತೆಗೆ ಮಾತ್ರ ಕಟ್ಟಲು ಸಿಗುವ ವಿಶೇಷ ಯಾವುದು ಗೊತ್ತೇ? ಮೆಟ್ಟಿಲು ಬಾವಿ! ಹಂಪಿಯ ಪುಷ್ಕರಣಿಯ ಮೆಟ್ಟಿಲಿಳಿದವರಿಗೆ ಪರದೆಯ ಮೇಲೆ ಅಂಥದ್ದೇ ಒಂದು ಮೂಡುವುದನ್ನು ನೋಡಿ ಮೈ ಜುಮ್ಮೆನ್ನದೆ ಇರದು. ಅದು ಆಹಾರವನ್ನೂ ಕೊಡುತ್ತದೆ, ವಸತಿಯನ್ನೂ ಕೊಡುತ್ತದೆ. ಗಾಂಧಿಯ ಜೊತೆಗೆ ಭಾರತದ ನಾಯಕನಾಗಿ 2018ರಲ್ಲಿ ಬಂದವನು ಚಂದ್ರಗುಪ್ತ ಮೌರ್ಯ. ಜೈನ ಪರಂಪರೆಯ ಪ್ರಕಾರ ರಾಜ್ಯ ತೊರೆದು ಭದ್ರಬಾಹುವಿನ ಹಿಂದೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡವನು. ಆಟದಲ್ಲಿ ಅವನಿಗೆ ಕೊಟ್ಟಿರುವ ವರ ಮಾತ್ರ ನೆರೆಹೊರೆಯ ನೆಲ ಕಬಳಿಸುವ ಯುದ್ಧ. ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟದ ತನಕ ಆಟ ಅವನನ್ನು ಕರೆತರುವುದಿಲ್ಲ.

ಯುದ್ಧದಲ್ಲಂತೂ ಕಂಪ್ಯೂಟರ್‌ನ ಬಣ್ಣ ಪೂರ್ತಿ ಬಯಲು. ಒಂದು ಮನೆಯಲ್ಲಿ ಒಂದೇ ಕಾದಾಳುಪಡೆ ಎನ್ನುವ ನಿಯಮ 2010ರ ಐದನೆಯ ಆಟದಿಂದ ಬಂದದ್ದು. ಅಂದಿನಿಂದ ಕಂಪ್ಯೂಟರ್‌ಗೆ ಇಕ್ಕಟ್ಟಿನ ದಾರಿಯಲ್ಲಿ ಸೇನೆ ನಡೆಸಲು ಬರುವುದೇ ಇಲ್ಲ! ಹೊಳೆ ಮತ್ತು ಬೆಟ್ಟದ ನಡುವೆ ಮೂವರು ಬಿಲ್ಲುಗಾರರನ್ನು ನಿಲ್ಲಿಸಿ, ಮುಂದೆ ಒಬ್ಬ ಯೋಧನನ್ನು ಅಡ್ಡ ಇಡಿ. ಬಿಲ್ಲಿನ ಬಾಣ ಎರಡು ಮನೆ ದಾಟುತ್ತದೆ. ಅವರು ಒಬ್ಬರ ಹಿಂದೆ ಒಬ್ಬರು ಬಂದು ಬೀಳುತ್ತಲೇ ಇರುತ್ತಾರೆ. ಆ ಬಿಲ್ಲುಗಾರರು ಯಾರೆಂದುಕೊಂಡಿರಿ? ನಿಮ್ಮ ಹಳೇ ಸ್ಲಿಂಗರ್‌ಗಳೇ, ಚಿನ್ನ ಕೊಟ್ಟು ಬಡ್ತಿ ಪಡೆದವರು.

ರಾಯಭಾರದ ಬಗ್ಗೆ ಒಂದೇ ಮಾತು. ಹೊಸ ನಾಯಕ ಎದುರಾದ ಅದೇ ಟರ್ನ್‌ನಲ್ಲಿ 25 ಚಿನ್ನದ ಉಡುಗೊರೆ ನಿಯೋಗ ಕಳಿಸಿಬಿಡಿ. ಮುಖ ಗಂಟಿಕ್ಕಿಕೊಂಡ ಮೇಲೆ ಕಳಿಸಿದರೆ ತಗೊಳ್ಳುವುದಿಲ್ಲ.

ಯಾರನ್ನು ಆರಿಸಿಕೊಂಡು ಶುರುಮಾಡಲಿ ಎಂದರೆ ರೋಮ್‌ನ ಟ್ರೇಜನ್ ಎನ್ನುತ್ತೇನೆ. ಅವನು ಹೊಸದಾಗಿ ಕಟ್ಟಿದ ಪ್ರತಿ ಊರಿಗೂ ಸ್ಮಾರಕವೊಂದು ಪುಕ್ಕಟೆ, ರಾಜಧಾನಿಯ ವ್ಯಾಪಾರದ ದೂರದೊಳಗಿದ್ದರೆ ರಸ್ತೆಯೂ ತಾನಾಗಿ ಹಾಸಿಕೊಳ್ಳುತ್ತದೆ. ಮೇಲಿನ ಊರು ಹಬ್ಬಿಸುವ ಉಪಾಯಕ್ಕೆ ಹೇಳಿ ಮಾಡಿಸಿದ ಹಾಗೆ. ಪ್ರಿನ್ಸ್ ಮಟ್ಟ, ಮಾಮೂಲಿ ವೇಗ, ಟ್ರೇಜನ್. ನಡುಗಾಲ ಮುಟ್ಟುವ ಹೊತ್ತಿಗೆ ಅಂಕಪಟ್ಟಿ ತೆರೆದು ಎದುರಾಳಿಗಳ ವಿಜ್ಞಾನ ಎಲ್ಲಿದೆ, ನಿಮ್ಮದು ಎಲ್ಲಿದೆ ನೋಡಿ. ನಿಮ್ಮದು ಮುಂದಿದ್ದರೆ ಆ ಆಟ ಮುಗಿಸುವ ಹಟ ಬೇಡ. ಅಲ್ಲೇ ಬಿಟ್ಟು ಮುಂದಿನ ಕಿಂಗ್ ಮಟ್ಟಕ್ಕೆ ಹೋಗಿ. ಅಲ್ಲಿ ಕಂಪ್ಯೂಟರ್‌ಗೆ ವಿಜ್ಞಾನದಲ್ಲಿ ಶೇ 8, ಉತ್ಪಾದನೆಯಲ್ಲಿ ಶೇ 20, ಜೊತೆಗೆ ಒಬ್ಬ ಯೋಧ ಹೆಚ್ಚು!