ಕಾಗೆ ಕೂತಿತು, ಕೊಂಬೆ ಮುರಿಯಿತು

ಸಿನಿಮಾ ಶುರುವಾಗುವ ಮುಂಚೆ ತೆರೆಯ ಮೇಲೆ ಒಂದು ಕೈ ಸ್ಪಂಜನ್ನು ಹಿಂಡುತ್ತದೆ, ಕರಿಯ ಟಾರು ಪಾತ್ರೆಗೆ ಇಳಿಯುತ್ತದೆ. ಶ್ವಾಸಕೋಶವೂ ಸ್ಪಂಜಿನ ಹಾಗೆಯೇ ಹೊಗೆಯನ್ನು ಹೀರಿಕೊಳ್ಳುತ್ತದೆ ಎಂದು ಹಿನ್ನೆಲೆಯ ದನಿ ಎಚ್ಚರಿಸುತ್ತದೆ. ತಂಬಾಕು ಸೇವನೆಯ ದೃಶ್ಯವಿರುವ ಚಿತ್ರಗಳಿಗೆ ಆರಂಭದಲ್ಲೊಮ್ಮೆ, ನಡುವೆ ಒಮ್ಮೆ ಕನಿಷ್ಠ 30 ಸೆಕೆಂಡಿನ ಇಂಥ ಎಚ್ಚರಿಕೆ 2012ರ ಅಕ್ಟೋಬರ್ 2ರಿಂದ ಕಡ್ಡಾಯವಾಗಿದೆ. 2023ರ ಸೆಪ್ಟೆಂಬರ್ 1ರಿಂದ ಒಟಿಟಿಗೂ ನಿಯಮ ವಿಸ್ತರಿಸಿತು. ಪಾಪ್‌ಕಾರ್ನ್ ಹಿಡಿದು ಕೂತವರಿಗೆ ಆ ಮಾತುಗಳು ಬಾಯಿಪಾಠವಾಗಿ ಹೋಗಿವೆ, ಅಣಕು ಮೀಮ್‌ಗಳೂ ಬೇಕಾದಷ್ಟಿವೆ. ಹಾಗಾದರೆ ಜಾಹೀರಾತು ಗೆದ್ದಿತೇ? ‘ಎಲ್ಲರಿಗೂ ನೆನಪಿದೆಯಲ್ಲ, ಗೆದ್ದಿತು’ ಎನ್ನುವವರೂ, ‘ಅದನ್ನು ನೋಡಿ ಯಾರು ಬಿಟ್ಟರು ಸ್ವಾಮಿ?’ ಎಂದು ನಗುವವರೂ ಮಾಡುವ ತಪ್ಪು ಒಂದೇ. ಇಬ್ಬರೂ ಕಣ್ಣಿಗೆ ಕಂಡದ್ದರ ಮೇಲೆ ತೀರ್ಪು ಕೊಡುತ್ತಾರೆ. ಪ್ರಶ್ನೆ ಇರುವುದು ಕಾಣದ್ದರ ಬಗ್ಗೆ: ಆ ಜಾಹೀರಾತು ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು?

ಆರೋಗ್ಯ ಪ್ರಚಾರದ ವರದಿಗಳು ಈ ಪ್ರಶ್ನೆಯ ಹತ್ತಿರ ಸುಳಿಯುವುದು ಕಡಿಮೆ. ಮೇ 31ರ ವಿಶ್ವ ತಂಬಾಕು ರಹಿತ ದಿನಕ್ಕೆ ಎಷ್ಟು ಜಾಥಾ ಹೊರಟಿತು, ಎಷ್ಟು ಕರಪತ್ರ ಹಂಚಲಾಯಿತು, ಬೀದಿನಾಟಕ ಎಷ್ಟು ಊರು ಸುತ್ತಿತು, ಎಷ್ಟು ಲಕ್ಷ ಜನರನ್ನು ‘ತಲುಪಿದೆವು’ ಎಂಬ ಪಟ್ಟಿಯೇ ಅಲ್ಲಿ ಹೆಚ್ಚು. ಅದು ಪ್ರಚಾರ ಮಾಡಿದವರು ಪಟ್ಟ ಶ್ರಮದ ಲೆಕ್ಕ. ಬೀಡಿ ಸೇದುವವನ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ಇನ್ನಷ್ಟು ಶ್ರದ್ಧೆ ಇರುವವರು ಪ್ರಚಾರಕ್ಕೆ ಮುಂಚೆ ನೂರಕ್ಕೆ ಎಷ್ಟು ಮಂದಿ ಸೇದುತ್ತಿದ್ದರು, ಆಮೇಲೆ ಎಷ್ಟು ಎಂದು ಅಳೆಯುತ್ತಾರೆ. ಇಳಿದಿದ್ದರೆ ಶಾಲು, ಹಾರ, ಸನ್ಮಾನ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಹುಟ್ಟಿದ್ದೇ ಇಂಥ ಸನ್ಮಾನಗಳಿಗಾಗಿ ಇರಬೇಕು. ಅದೇ ವರ್ಷ ಸಿಗರೇಟಿನ ತೆರಿಗೆ ಏರಿರಬಹುದು. ಬಸ್ ನಿಲ್ದಾಣದಲ್ಲಿ ದಂಡ ಹಾಕಲು ತೊಡಗಿರಬಹುದು. ಮನೆಗೆ ಮಗು ಬಂತೆಂದೋ, ಎದೆ ಹಿಡಿದಂತಾಯಿತೆಂದೋ ಯಾರ ಉಪದೇಶವೂ ಇಲ್ಲದೆ ಬಿಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಕೊಂಬೆ ಮೊದಲೇ ಒಣಗಿತ್ತೇ ಎಂದು ನೋಡದೆ ಕಾಗೆಗೆ ಕೀರ್ತಿ ಕೊಟ್ಟರೆ ನಾಳೆ ನಾವು ಸಾಕುವುದು ಕಾಗೆಗಳನ್ನೇ.

ಪ್ರಚಾರ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅತ್ಯಂತ ಪ್ರಾಮಾಣಿಕವಾಗಿ ಪರೀಕ್ಷೆಗೆ ಒಡ್ಡಿದ್ದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ‘ಕಮಿಟ್’ ಎಂಬ ಪ್ರಯೋಗ. ಅದಕ್ಕಾಗಿ ಅಮೆರಿಕ ಮತ್ತು ಕೆನಡಾದಲ್ಲಿ 22 ಊರುಗಳನ್ನು ಆರಿಸಿ, ಗಾತ್ರದಲ್ಲೂ ಗುಣದಲ್ಲೂ ಒಂದನ್ನೊಂದು ಹೋಲುವಂತೆ 11 ಜೋಡಿ ಮಾಡಿದರು. ಹೊಗೆಸೊಪ್ಪು ಬೆಳೆಯುವ ಉತ್ತರ ಕ್ಯಾರೊಲಿನಾದಲ್ಲಿ ರಾಲೀಗೆ ಗ್ರೀನ್ಸ್‌ಬರೊ ಜೋಡಿ, ಕೆನಡಾದಲ್ಲಿ ಬ್ರಾಂಟ್‌ಫರ್ಡ್‌ಗೆ ಪೀಟರ್‌ಬರೊ. ಪ್ರತಿ ಜೋಡಿಯಲ್ಲಿ ಯಾವ ಊರಿಗೆ ಪ್ರಚಾರ, ಯಾವ ಊರನ್ನು ಅದರ ಪಾಡಿಗೆ ಬಿಡುವುದು ಎಂಬುದನ್ನು ಅದೃಷ್ಟಕ್ಕೆ ಬಿಟ್ಟರು. ಪ್ರಚಾರದ ಪಾಲಿಗೆ ಬಂದ ಊರುಗಳಲ್ಲಿ 1989ರಿಂದ 1992ರವರೆಗೆ ನಾಲ್ಕು ವರ್ಷ ಕೆಲಸ ನಡೆಯಿತು: ವೈದ್ಯರಿಗೆ ತರಬೇತಿ, ಕಾರ್ಖಾನೆ ಮತ್ತು ಕಚೇರಿಗಳಲ್ಲಿ ಹೊಗೆರಹಿತ ನಿಯಮ, ಪತ್ರಿಕೆ ಮತ್ತು ರೇಡಿಯೊ, ಬಿಡಬೇಕೆನ್ನುವವರಿಗೆ ನೆರವು. ಸಂಶೋಧಕರ ಮುಖ್ಯ ಗುರಿ ದಿನಕ್ಕೆ 25 ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುವ ಗಟ್ಟಿ ಚಟಗಾರರು. 1995ರಲ್ಲಿ ಫಲಿತಾಂಶ ಹೊರಬಂತು. ಪ್ರಚಾರ ನಡೆದ ಊರುಗಳಲ್ಲಿ ಅಂಥ ಚಟಗಾರರ ಪೈಕಿ ನೂರಕ್ಕೆ 18 ಮಂದಿ ಬಿಟ್ಟಿದ್ದರು. ಇಷ್ಟಕ್ಕೇ ಓದು ನಿಲ್ಲಿಸಿ ನೋಡಿ. ದಿನಕ್ಕೆ ಒಂದು ಪ್ಯಾಕ್‌ಗೂ ಮೀರಿ ಸೇದುತ್ತಿದ್ದವರಲ್ಲಿ ಸರಿಸುಮಾರು ಐವರಿಗೊಬ್ಬರು ಬಿಟ್ಟರೆಂದರೆ ಯಾವ ಮಂತ್ರಿಯೂ ಅದನ್ನು ವೇದಿಕೆಯ ಮೇಲೆ ಹೇಳದೆ ಇರಲಾರ. ಆದರೆ ಪ್ರಚಾರವಿಲ್ಲದ ಜೋಡಿ ಊರುಗಳಲ್ಲಿ ಬಿಟ್ಟವರು ನೂರಕ್ಕೆ 18.7. ನಾಲ್ಕು ವರ್ಷದ ದುಡಿಮೆಯಿಂದ ಮುಖ್ಯ ಗುರಿಯ ಮಟ್ಟಿಗೆ ಏನೂ ದಕ್ಕಲಿಲ್ಲ. ಪ್ರಚಾರವಿಲ್ಲದ ಗ್ರೀನ್ಸ್‌ಬರೊ, ಪೀಟರ್‌ಬರೊಗಳಂಥ ಊರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಈ ಸಂಗತಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅದೇ ಪ್ರಯೋಗದಲ್ಲಿ ಇನ್ನೊಂದು ಸಾಲೂ ಇದೆ. ಕಡಿಮೆ ಅಥವಾ ಮಧ್ಯಮ ಪ್ರಮಾಣದಲ್ಲಿ ಸೇದುತ್ತಿದ್ದವರಲ್ಲಿ ಪ್ರಚಾರದ ಊರುಗಳಲ್ಲಿ ನೂರಕ್ಕೆ 30.6, ಉಳಿದ ಊರುಗಳಲ್ಲಿ 27.5 ಮಂದಿ ಬಿಟ್ಟಿದ್ದರು. ಅಂತರ ಮೂರು, ಮತ್ತು ಅದು ಅದೃಷ್ಟದ ಆಟವಲ್ಲ ಎಂದು ಸಂಖ್ಯಾಶಾಸ್ತ್ರದ ಪರೀಕ್ಷೆ ಹೇಳಿತು. ನೂರಕ್ಕೆ ಮೂರು ಯಾವ ಮಹಾ ಎಂದು ಮೂಗು ಮುರಿಯುವವರು ನಮ್ಮ ಜನಸಂಖ್ಯೆಯನ್ನು ನೆನೆಯಬೇಕು. ಭಾರತದಲ್ಲಿ ಸೇದುವ ವಯಸ್ಕರು ಸುಮಾರು 10 ಕೋಟಿ. ನೂರಕ್ಕೆ ಒಬ್ಬರು ಹೆಚ್ಚಾಗಿ ಬಿಟ್ಟರೂ ಅದು ಹತ್ತು ಲಕ್ಷ ಜನ. ಒಬ್ಬ ವೈದ್ಯ ತನ್ನ ಜೀವಮಾನದಲ್ಲಿ ಅಷ್ಟು ರೋಗಿಗಳನ್ನು ನೋಡಲಾರ. ಸಾಮೂಹಿಕ ಪ್ರಚಾರದ ಬಲ ಇರುವುದೇ ಇಂಥ ಸಣ್ಣ ಅಂತರಗಳಲ್ಲಿ, ಮತ್ತು ಸಣ್ಣ ಅಂತರ ಬರಿಗಣ್ಣಿಗೆ ಕಾಣುವುದಿಲ್ಲ. ‘ನಮ್ಮ ಬೀದಿಯಲ್ಲಿ ಯಾರೂ ಬಿಟ್ಟಿಲ್ಲ’ ಎಂಬ ಮಾತು ಪೂರ್ತಿ ನಿಜವಾಗಿರಬಹುದು, ಪ್ರಚಾರ ಪೂರ್ತಿ ಸಫಲವೂ ಆಗಿರಬಹುದು.

ಇಡೀ ದೇಶಕ್ಕೆ ಒಟ್ಟಿಗೆ ಜಾಹೀರಾತು ಬಿಟ್ಟರೆ ಜೋಡಿ ಊರು ಎಲ್ಲಿಂದ ಬರಬೇಕು? ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ‘ಮಾಜಿ ಧೂಮಪಾನಿಗಳ ಕಿವಿಮಾತು’ ಎಂಬ ಅರ್ಥದ ಜಾಹೀರಾತು ಸರಣಿಯನ್ನು 12 ವಾರ ಪ್ರಸಾರ ಮಾಡಿದಾಗ ಈ ತೊಡಕೇ ಎದುರಾಯಿತು. ಸೇದುವ 3,051 ಮಂದಿಯನ್ನು ಮುಂಚೆ ಒಮ್ಮೆ, ಆಮೇಲೊಮ್ಮೆ ಕೇಳಿದರು. ಬಿಡಲು ಯತ್ನಿಸಿದವರ ಪ್ರಮಾಣ ನೂರಕ್ಕೆ 31.1ರಿಂದ 34.8ಕ್ಕೆ ಏರಿತ್ತು. ದೇಶಕ್ಕೆಲ್ಲ ಹಿಗ್ಗಿಸಿದರೆ ಹೆಚ್ಚುವರಿ ಯತ್ನಗಳು 16 ಲಕ್ಷ. ಕಾಯಮ್ಮಾಗಿ ಬಿಟ್ಟವರು ಸುಮಾರು 1 ಲಕ್ಷ ಎಂಬ ಅಂದಾಜು ಬಂತು. ಲೆಕ್ಕ ಎಚ್ಚರದಿಂದಲೇ ಮಾಡಿದ್ದು. ಆದರೂ ಈ 1 ಲಕ್ಷಕ್ಕಿಂತ ಕಮಿಟ್‌ನ ಆ ‘ಮೂರು’ ನನಗೆ ಹೆಚ್ಚು ನಂಬಿಕೆಗೆ ಅರ್ಹ. ಇದಕ್ಕಿಂತ ಜಾಣ ದಾರಿ ಹಿಡಿದವರು 2000ದಲ್ಲಿ ದೇಶವ್ಯಾಪಿಯಾದ ‘ಟ್ರೂತ್’ ಪ್ರಚಾರವನ್ನು ಅಳೆದವರು. ಅದು ಹದಿಹರೆಯದವರಿಗಾಗಿ ಮಾಡಿದ್ದು. ಟಿವಿ ಪ್ರಸಾರ ವಲಯಗಳಲ್ಲಿ ಕೆಲವೆಡೆ ಜಾಹೀರಾತು ಹೆಚ್ಚು, ಕೆಲವೆಡೆ ಕಡಿಮೆ ಬಿದ್ದಿತ್ತು. ಔಷಧದ ಡೋಸು ಹೆಚ್ಚಾದಂತೆ ಪರಿಣಾಮವೂ ಹೆಚ್ಚಾಯಿತೇ ಎಂದು ಅವರು ನೋಡಿದರು. 1999ರಿಂದ 2002ರ ನಡುವೆ ಶಾಲಾ ಮಕ್ಕಳಲ್ಲಿ ಸೇದುವವರು ನೂರಕ್ಕೆ 25.3ರಿಂದ 18ಕ್ಕೆ ಇಳಿದಿದ್ದರು. ಆ ಇಳಿಕೆಯಲ್ಲಿ ಪ್ರಚಾರದ ಪಾಲು ನೂರಕ್ಕೆ 22 ಮಾತ್ರ ಎಂದು 2005ರಲ್ಲಿ ಬರೆದರು. ಉಳಿದ 78 ಪಾಲನ್ನು ತಮ್ಮದೆಂದು ಹೇಳಿಕೊಳ್ಳಲಿಲ್ಲ.

ಪ್ರಚಾರದಿಂದ ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗುವುದಿಲ್ಲ, ಅಳೆಯುವ ದುಡ್ಡನ್ನೂ ಪ್ರಚಾರಕ್ಕೇ ಹಾಕಬಾರದೇ ಎಂದು ಕೇಳುವವರಿದ್ದಾರೆ. ‘ಟ್ರೂತ್’ ಪ್ರಚಾರದ ಕಾಲದಲ್ಲೇ ಸಿಗರೇಟು ಕಂಪನಿಯಾದ ಫಿಲಿಪ್ ಮಾರಿಸ್ ಕೂಡ ‘ಯೋಚಿಸಿ, ಸೇದಬೇಡಿ’ ಎಂದು ಹರೆಯದವರಿಗೆ ಜಾಹೀರಾತು ಕೊಡುತ್ತಿತ್ತು. ಅದನ್ನು ನೋಡಿದ ಮಕ್ಕಳಲ್ಲಿ ಮುಂದೆ ಸೇದುವ ಇರಾದೆ ಕಡಿಮೆಯಾಗುವ ಬದಲು ಹೆಚ್ಚಿರುವುದು 2002ರ ಅಧ್ಯಯನದಲ್ಲಿ ಕಂಡುಬಂತು. ಹೊರನೋಟಕ್ಕೆ ಎರಡೂ ಧೂಮಪಾನ ವಿರೋಧಿ ಪ್ರಚಾರಗಳೇ. ಅಳೆಯದಿದ್ದರೆ ಎರಡಕ್ಕೂ ಒಂದೇ ಹಾರ ಬೀಳುತ್ತಿತ್ತು.

ಅಳೆಯುವುದಾದರೂ ಹೇಗೆ? ‘ಬಿಟ್ಟಿರಾ?’ ಎಂದು ಕೇಳುವುದು ಸುಲಭ. ‘ಬಿಟ್ಟೆ’ ಎನ್ನುವುದು ಅದಕ್ಕಿಂತ ಸುಲಭ. ಅದಕ್ಕೇ ಕೆಲವು ಅಧ್ಯಯನಗಳಲ್ಲಿ ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರಕ್ಕೆ ಊದಿಸುತ್ತಾರೆ. ಕೆಲವು ಸೆಕೆಂಡು ಉಸಿರು ಹಿಡಿದು ನಿಧಾನವಾಗಿ ಊದಿದರೆ ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಷ್ಟೆಂದು ಪರದೆಯ ಮೇಲೆ ಬರುತ್ತದೆ. ಈ ಅನಿಲ ಒಂದು ದಿನದೊಳಗೆ ಮೈಯಿಂದ ಹೊರಟುಹೋಗುತ್ತದೆ, ಆದ್ದರಿಂದ ನಿನ್ನೆ ಬೆಳಿಗ್ಗೆ ಸೇದಿದವನು ಇಂದು ಪಾಸಾಗಿಬಿಡಬಹುದು. ನಿಕೋಟಿನ್ ಒಡೆದು ಉಂಟಾಗುವ ಕೊಟಿನಿನ್ ಇನ್ನೂ ಕೆಲವು ದಿನ ಎಂಜಲಲ್ಲಿ, ಮೂತ್ರದಲ್ಲಿ ಉಳಿಯುತ್ತದೆ. ಆದರೆ ನಮ್ಮಲ್ಲಿ ಬೀಡಿ ಬಿಟ್ಟವನು ಕಡ್ಡಿಪುಡಿಗೋ ಗುಟ್ಕಾಗೋ ಹೊರಳಿರಬಹುದು. ಅವನ ಉಸಿರು ಶುದ್ಧ, ಕೊಟಿನಿನ್ ಮಾತ್ರ ಇದ್ದಲ್ಲೇ ಇದೆ. ಇನ್ನೂ ಒಂದು ಸೂಕ್ಷ್ಮವಿದೆ. ಸೇದುವುದು ನಾಚಿಕೆಗೇಡು ಎಂದು ಪ್ರಚಾರ ಮನದಟ್ಟು ಮಾಡಿದಷ್ಟೂ, ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದಾಗ ಸುಳ್ಳು ಹೇಳುವವರು ಹೆಚ್ಚುತ್ತಾರೆ. ಚಟ ಅಡಗಿಕೊಂಡರೂ ಕಾಗದದ ಮೇಲೆ ಅದು ಇಳಿಕೆಯಾಗಿಯೇ ತೋರುತ್ತದೆ.

ಈ ಎಚ್ಚರಿಕೆಯೊಂದಿಗೆ ನಮ್ಮ ದೇಶದ ಲೆಕ್ಕಕ್ಕೆ ಬರೋಣ. ವಯಸ್ಕರ ಜಾಗತಿಕ ತಂಬಾಕು ಸಮೀಕ್ಷೆ ಭಾರತದಲ್ಲಿ 2009-10ರಲ್ಲಿ, ಮತ್ತೆ 2016-17ರಲ್ಲಿ ನಡೆಯಿತು. ಎರಡನೆಯ ಬಾರಿ ಮಾತಾಡಿಸಿದ್ದು 74,037 ಮಂದಿಯನ್ನು. ಯಾವುದಾದರೂ ರೂಪದಲ್ಲಿ ತಂಬಾಕು ಬಳಸುವವರು ನೂರಕ್ಕೆ 34.6ರಿಂದ 28.6ಕ್ಕೆ, ಸೇದುವವರು 14ರಿಂದ 10.7ಕ್ಕೆ ಇಳಿದಿದ್ದರು. ಕರ್ನಾಟಕದಲ್ಲಿ ತಂಬಾಕು ಬಳಕೆ 28.2ರಿಂದ 22.8ಕ್ಕೆ ಬಂದಿತ್ತು. ಸಂತೋಷದ ಸುದ್ದಿಯೇ, ಆದರೆ ಇದಕ್ಕೆ ಕಾರಣ ಸ್ಪಂಜೋ, ತೆರಿಗೆಯೋ, 2008ರಿಂದ ಬಿಗಿಯಾದ ಸಾರ್ವಜನಿಕ ಸ್ಥಳಗಳ ನಿಷೇಧವೋ ಎಂದು ಬಿಡಿಸಿ ಹೇಳಲು ಈ ಎರಡು ಸಂಖ್ಯೆಗಳಿಂದ ಆಗದು. ಇನ್ನೂ ಒಳಗೆ ಇಳಿದರೆ ಕುತೂಹಲದ ಸಂಗತಿ ಸಿಗುತ್ತದೆ. 2016ರ ಏಪ್ರಿಲ್‌ನಿಂದ ಪ್ಯಾಕಿನ ಎರಡೂ ಬದಿಯ ನೂರಕ್ಕೆ 85 ಭಾಗವನ್ನು ಚಿತ್ರಸಹಿತ ಎಚ್ಚರಿಕೆ ಆವರಿಸಿತು. (ಆ ನಿಯಮವನ್ನು ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ರದ್ದು ಮಾಡಿತ್ತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.) ಎಚ್ಚರಿಕೆ ನೋಡಿ ಬಿಡುವ ಯೋಚನೆ ಮಾಡಿದ ಸಿಗರೇಟು ಸೇದುವವರು ನೂರಕ್ಕೆ 38ರಿಂದ 62ಕ್ಕೆ ಜಿಗಿದಿದ್ದರು, ಬೀಡಿ ಸೇದುವವರು 29ರಿಂದ 54ಕ್ಕೆ. ಹಿಂದಿನ 12 ತಿಂಗಳಲ್ಲಿ ಬಿಡಲು ನಿಜವಾಗಿ ಯತ್ನಿಸಿದವರು? ಮೊದಲ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 38. ಎರಡನೆಯದರಲ್ಲೂ ನೂರಕ್ಕೆ ಸುಮಾರು 38.

ಯೋಚನೆ ಎದ್ದು ಕೂತಿದೆ, ಕಾಲು ಎದ್ದಿಲ್ಲ. ಸುಲಭವಾಗಿ ಬಿಡಬಲ್ಲವರು ಆಗಲೇ ಬಿಟ್ಟು, ಗಟ್ಟಿಗರು ಮಾತ್ರ ಉಳಿದದ್ದು ಇದಕ್ಕೊಂದು ಕಾರಣವಿರಬಹುದು. ದೊಡ್ಡ ಚಿತ್ರ ಬಂದು ಕೆಲವೇ ತಿಂಗಳಾಗಿತ್ತು ಎಂಬ ವಾದವೂ ನ್ಯಾಯವೇ. ಆದರೆ ಗೂಡಂಗಡಿಯ ಮುಂದೆ ನಿಂತು ನೋಡಿದರೆ ಮತ್ತೊಂದು ಕಾರಣ ಕಾಣುತ್ತದೆ. ಗಿರಾಕಿ ಕೇಳುವುದು ಒಂದು ಸಿಗರೇಟು. ಅಂಗಡಿಯವನು ಪ್ಯಾಕಿನಿಂದ ಒಂದನ್ನು ಎಳೆದು ಕೊಡುತ್ತಾನೆ; ಪ್ಯಾಕು, ಅದರ ಮೇಲಿನ ಭೀಕರ ಚಿತ್ರದ ಸಮೇತ, ಅಂಗಡಿಯಲ್ಲೇ ಉಳಿಯುತ್ತದೆ. ಬಿಡಿ ಮಾರಾಟದ ಮೇಲೆ ಕಾಗದದಲ್ಲಿ ಏನೇ ನಿರ್ಬಂಧವಿರಲಿ, 85 ಭಾಗದ ಎಚ್ಚರಿಕೆಯನ್ನು ದಿನವಿಡೀ ನೋಡುವವನು ಮಾರುವವನು.

ಪ್ರಚಾರವನ್ನು ಕೆಲವೆಡೆ ತಡೆಹಿಡಿದು ಹೋಲಿಸುವುದು ಅನ್ಯಾಯ, ಇದು ಜೀವದ ಪ್ರಶ್ನೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಗುಣ ಖಚಿತವಾಗಿರುವ ಮದ್ದನ್ನು ತಡೆದರೆ ಅನ್ಯಾಯ ಹೌದು. ಗುಣ ಗೊತ್ತಿಲ್ಲದ್ದಕ್ಕೆ ಆ ಮಾತು ಒಪ್ಪುವುದಿಲ್ಲ. ಮೇಲಾಗಿ ಯಾವ ಇಲಾಖೆಯ ಬಳಿಯೂ ಎಲ್ಲ ತಾಲ್ಲೂಕುಗಳಿಗೆ ಒಂದೇ ದಿನ ಹೋಗುವಷ್ಟು ಜೀಪು, ಜನ, ದುಡ್ಡು ಇರುವುದಿಲ್ಲ. ಹೇಗೂ ಸರದಿಯಲ್ಲಿ ಹೋಗುವುದಾದರೆ ಆ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿದರಾಯಿತು. ಆಗ ಕಾಯುತ್ತಿರುವ ತಾಲ್ಲೂಕೇ ಹೋಲಿಕೆಯ ತಾಲ್ಲೂಕಾಗುತ್ತದೆ, ಯಾರಿಗೂ ಏನೂ ತಪ್ಪುವುದಿಲ್ಲ. ಕರ್ನಾಟಕಕ್ಕೆ ಈಗ ಒಳ್ಳೆಯ ಸಂದರ್ಭವೂ ಇದೆ. 2025ರ ಮೇನಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆ ತಂಬಾಕು ಖರೀದಿಯ ವಯಸ್ಸನ್ನು 21ಕ್ಕೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು 1,000 ರೂಪಾಯಿಗೆ ಏರಿಸಿದೆ. ಅದರ ಪ್ರಚಾರ ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗುವ ಮುಂಚೆ ಯಾರಾದರೂ ಆ ಚೀಟಿಗಳನ್ನು ಬರೆದಿಡಲಿ.

ಯೋಚನೆ ಮತ್ತು ಯತ್ನದ ನಡುವಿನ ಕಂದಕಕ್ಕೆ ಒಂದು ಸೇತುವೆಯನ್ನು ಸರ್ಕಾರ ಆಮೇಲೆ ಕಟ್ಟಿದೆ. 2018ರ ಸೆಪ್ಟೆಂಬರ್‌ನಿಂದ ಪ್ಯಾಕಿನ ಮೇಲೆ ಚಿತ್ರದ ಜೊತೆ ತಂಬಾಕು ಬಿಡಲು ನೆರವಾಗುವ ಉಚಿತ ದೂರವಾಣಿ ಸಂಖ್ಯೆ 1800-11-2356 ಅಚ್ಚಾಗುತ್ತಿದೆ. ಆ ಸೇವೆಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಎರಡನೆಯ ಸಮೀಕ್ಷೆಯ ಕ್ಷೇತ್ರಕಾರ್ಯ 2017ರ ಫೆಬ್ರುವರಿಗೇ ಮುಗಿದಿತ್ತು. ಹಾಗಾಗಿ ಆ ಸಂಖ್ಯೆಯ ಪರಿಣಾಮ ನೂರಕ್ಕೆ 38ರ ಲೆಕ್ಕದಲ್ಲಿ ಸೇರಿಲ್ಲ.